ಆನ್‌ಲೈನ್ ಹರಾಜಿನಲ್ಲಿ ಕೋವಿ: ದುಡ್ಡು ಕಳಿಸೋ ಮುಂಚೆ ನಾನು ಕಲಿತದ್ದು

ಮೊದಲು ಕಳೆದುಕೊಂಡದ್ದು 140 ಡಾಲರ್. ಅದೂ ಕೋವಿಗಲ್ಲ, ಕೋವಿಯ ಮರದ ಹಿಡಿಗೆ.

ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕ. ಗ್ರೀನ್ ಕಾರ್ಡ್ ಬಂದ ವರ್ಷವೇ ಇಲ್ಲಿನ ಅಂಗಡಿಯಲ್ಲಿ ಒಂದು ಪಂಪ್ ಶಾಟ್‌ಗನ್ ಕೊಂಡೆ. ಅದರ ಹಿಡಿ ಕಪ್ಪು ಪ್ಲಾಸ್ಟಿಕ್. ನೋಡಿದಾಗೆಲ್ಲ ಕಿರಿಕಿರಿ. ಪೊನ್ನಂಪೇಟೆ ಕಡೆ ಹುಟ್ಟಿ ಬೆಳೆದವನು ನಾನು. ಕೋವಿ ಅಂದರೆ ನನ್ನ ಕಣ್ಣಿಗೆ ಮರ ಮತ್ತು ಕಬ್ಬಿಣ, ಅಷ್ಟೇ. ಹುಡುಕಿದೆ, ವಾಲ್‌ನಟ್ ಮರದ ಹಿಡಿ ಮಾರುವವನೊಬ್ಬ ಸಿಕ್ಕಿದ. "ಆಪ್‌ನಲ್ಲಿ ಸ್ನೇಹಿತರಿಗೆ ಅಂತ ಒತ್ತಿ ದುಡ್ಡು ಕಳಿಸಿ. ಗನ್ ಅಂತ ಎಲ್ಲೂ ಬರೀಬೇಡಿ, ಬರ್ತ್‌ಡೇ ಅಂತ ಬರೀರಿ" ಅಂದ. ನಾನು ಹಾಗೇ ಬರೆದೆ. ಹಿಡಿ ಬರಲಿಲ್ಲ. ಎರಡು ವಾರ ಬಿಟ್ಟು ಆಪ್‌ನವರಿಗೆ ದೂರು ಕೊಟ್ಟರೆ ಅವರ ಉತ್ತರ ಎರಡೇ ಸಾಲು. ಇದು ನೀವೇ ಸ್ನೇಹಿತರಿಗೆ ಕಳಿಸಿದ ಹಣ, ಇದಕ್ಕೆ ರಕ್ಷಣೆ ಇಲ್ಲ. ಏನು ವಾದ ಮಾಡೋದು? ಬರ್ತ್‌ಡೇ ಅಂತ ಬರೆದ ಕೈ ನನ್ನದೇ.

ಆಮೇಲೆ ಕೂತು ನಿಯಮ ಓದಿದೆ. ಪೇಪಾಲ್, ಅದರದ್ದೇ ಆದ ವೆನ್ಮೋ, ಎರಡೂ ಕಡೆ ಬಂದೂಕು ಮತ್ತು ಅದರ ಹಲವು ಭಾಗಗಳ ವ್ಯವಹಾರಕ್ಕೆ ಅವಕಾಶವೇ ಇಲ್ಲ. ಅಂದರೆ ಅಲ್ಲಿ ದುಡ್ಡು ಕೇಳುವ ಮಾರಾಟಗಾರ ಮೊದಲ ಹೆಜ್ಜೆಯಲ್ಲೇ ನಮ್ಮ ಕೈಯಲ್ಲಿ ಸುಳ್ಳು ಬರೆಸುತ್ತಾನೆ. ನಾಳೆ ಜಗಳ ಬಂದರೆ ಆ ಸುಳ್ಳು ನಮ್ಮ ವಿರುದ್ಧವೇ ನಿಲ್ಲುತ್ತದೆ. ಝೆಲ್ ಕಥೆ ಬೇರೆ. ಅದು ಬ್ಯಾಂಕ್‌ನಿಂದ ಬ್ಯಾಂಕ್‌ಗೆ ನೇರ ಹೋಗುವ ದುಡ್ಡು, ನಮ್ಮ ಯುಪಿಐ ಇದ್ದ ಹಾಗೆ. ನಾವೇ ಒತ್ತಿ ಕಳಿಸಿದ ಮೇಲೆ ಸಾಮಾನು ಬರಲಿಲ್ಲ ಅಂತ ವಾಪಸ್ ಕೇಳಲು ದಾರಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ತಂಗಿಗೆ ಕಳಿಸಲು ಚೆನ್ನಾಗಿದೆ. ಮುಖ ನೋಡದವನಿಗೆ ಬೇಡ.

ಇಲ್ಲಿ ಕೋವಿ ಹರಾಜು ಹೇಗೆ ನಡೆಯುತ್ತದೆ ಅಂತ ಊರಿನವರು ಕೇಳುತ್ತಾರೆ. ಹರಾಜು ತಾಣ ಇಬೇ 1999ರಲ್ಲೇ ಬಂದೂಕು ಮಾರಾಟ ನಿಲ್ಲಿಸಿತು. ಅದೇ ವರ್ಷ ಬಂದೂಕು ಹರಾಜಿಗೆಂದೇ ಗನ್‌ಬ್ರೋಕರ್ ಅನ್ನುವ ತಾಣ ಶುರುವಾಯಿತು, ಈಗ ಅಂಥವು ಇನ್ನೂ ಕೆಲವಿವೆ. ಬೇರೆ ರಾಜ್ಯದವನಿಂದ ಕೊಂಡ ಕೋವಿ ನೇರ ಮನೆಗೆ ಬರುವುದಿಲ್ಲ. 1968ರ ಬಂದೂಕು ಕಾಯ್ದೆ ಪ್ರಕಾರ ಅದು ನಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಅಂಗಡಿಗೆ ಬರಬೇಕು. ಇಲ್ಲಿ ಆ ಲೈಸೆನ್ಸನ್ನು, ಅದಿರುವ ಡೀಲರನ್ನೂ, ಎಫ್‌ಎಫ್‌ಎಲ್ ಅಂತಲೇ ಕರೆಯುತ್ತಾರೆ. ಅಲ್ಲಿ ಹೋಗಿ 4473 ನಂಬರಿನ ಫಾರಂ ತುಂಬಬೇಕು, ಡೀಲರ್ ನಮ್ಮ ಹಿನ್ನೆಲೆ ತಪಾಸಣೆ ಮಾಡಿಸಬೇಕು, ಆಮೇಲೆ ಕೋವಿ ಕೈಗೆ. ಇದಕ್ಕೆ ನನ್ನ ಡೀಲರ್ 30 ಡಾಲರ್ ತಗೊಳ್ಳುತ್ತಾನೆ.

ಇದರಲ್ಲೊಂದು ಎಡವಟ್ಟಿದೆ. ದುಡ್ಡು ಒಬ್ಬನಿಗೆ ಹೋಗುತ್ತದೆ, ಸಾಮಾನು ಇನ್ನೊಬ್ಬನ ಅಂಗಡಿಗೆ ಬರುತ್ತದೆ. ಡೀಲರ್ ನಡುವೆ ಇದ್ದಾನಲ್ಲ, ಸರ್ಕಾರದ ಲೈಸೆನ್ಸ್ ಇದೆಯಲ್ಲ, ಮೋಸ ಹೇಗಾಗುತ್ತದೆ ಅಂತ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಆ ಡೀಲರ್‌ಗೂ ನಮ್ಮ ದುಡ್ಡಿಗೂ ಸಂಬಂಧವೇ ಇಲ್ಲ. ಪೆಟ್ಟಿಗೆ ಬಂದರೆ ಇಳಿಸಿಕೊಳ್ಳುತ್ತಾನೆ. ಬರದಿದ್ದರೆ "ಬಂದಿಲ್ಲ" ಅನ್ನುತ್ತಾನೆ.

ನಡುವೆ ಒಂದು ಮಾತು. ಮಂಡ್ಯದ ಗೆಳೆಯನೊಬ್ಬ ನನ್ನ ಕೋವಿ ನೋಡಿ "ನಂಗೂ ಒಂದು ಕೊಡಿಸು ಮಾರಾಯ" ಅಂದಿದ್ದ. ಅವನು ಎಚ್-1ಬಿ ವೀಸಾದಲ್ಲಿದ್ದಾನೆ. ಆ ವೀಸಾದವರಿಗೆ ಸಾಮಾನ್ಯವಾಗಿ ಇಲ್ಲಿ ಬಂದೂಕು ಕೊಳ್ಳುವುದು, ಇಟ್ಟುಕೊಳ್ಳುವುದು ಎರಡೂ ನಿಷಿದ್ಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಹಾಗಿದ್ದರೂ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಅವನ ಹೆಸರಿಗೆ ಬೇಡ, ನಾನೇ ಕೊಂಡು ಅವನಿಗೆ ಕೊಡುತ್ತೇನೆ ಅಂದರೆ ಅದೂ ದೊಡ್ಡ ಅಪರಾಧವೇ. 4473 ಫಾರಂನ ಹೌದು-ಇಲ್ಲ ಪ್ರಶ್ನೆಗಳಲ್ಲಿ ಮೊದಲನೆಯದೇ ಅದು, ನಿಜವಾಗಿ ಕೊಳ್ಳುತ್ತಿರುವುದು ನೀವೇನಾ ಅಂತ. ಸ್ನೇಹ ಬೇರೆ, ಸೆರೆಮನೆ ಬೇರೆ ಅಂತ ಅವನಿಗೆ ಕಾಫಿ ಕುಡಿಸಿ ಕಳಿಸಿದೆ.

ಈಗ ಎರಡನೆಯ ಪ್ರಸಂಗ. ನಮ್ಮ ಅಜ್ಜನ ಹತ್ತಿರ ಒಂದು ಜೋಡು ನಳಿಗೆಯ ಇಂಗ್ಲಿಷ್ ಕೋವಿ ಇತ್ತು. ಕೊಡವರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಮಗೆ ಗೊತ್ತಿರಬಹುದು, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಬಂದರೆ ಆ ಕೋವಿ ತೊಳೆದು, ಎಣ್ಣೆ ಹಾಕಿ, ನಳಿಗೆಗೆ ತೋಕ್‌ ಪೂ, ಅಂದರೆ ಕೋವಿ ಹೂ, ಸಿಕ್ಕಿಸುವುದು ನನ್ನ ಕೆಲಸ. ಅಂಥದ್ದೇ ಒಂದು ವೆಬ್ಲಿ ಸ್ಕಾಟ್ ಕೋವಿ ಹರಾಜಿಗೆ ಬಂತು. ಕೊನೆಯ 15 ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಹರಾಜು ಮತ್ತೆ 15 ನಿಮಿಷ ಮುಂದೆ ಹೋಗುತ್ತದೆ. ಆ ರಾತ್ರಿ ಹಾಗೆ ನಾಲ್ಕು ಸಲ ಹೋಯಿತು. ಕೊನೆಗೆ ನಾನು ಕೈ ಬಿಟ್ಟೆ.

ಎರಡು ದಿನ ಬಿಟ್ಟು ನನ್ನ ಇಮೇಲ್‌ಗೆ ಪತ್ರ. "ಗೆದ್ದವರು ಹಿಂದೆ ಸರಿದಿದ್ದಾರೆ, ನಿಮ್ಮ ಕೊನೆಯ ಬಿಡ್‌ಗೇ ಕೊಡುತ್ತೇನೆ. ಝೆಲ್ ಮಾಡಿದರೆ ಶಿಪ್ಪಿಂಗ್ ಫ್ರೀ." ಜೊತೆಗೆ ಅವನ ಎಫ್‌ಎಫ್‌ಎಲ್ ಲೈಸೆನ್ಸ್‌ನ ಪ್ರತಿ. ಚಂದದ ಸ್ಕ್ಯಾನ್, ಸಹಿ ಎಲ್ಲ ಇದೆ. ಲೈಸೆನ್ಸ್ ನಿಜವೋ ಅಂತ ನೋಡಲು, ಅದನ್ನು ಕೊಡುವ ಎಟಿಎಫ್ ಇಲಾಖೆಯ ಈಝೀ ಚೆಕ್ ಅಂತ ಒಂದು ಪುಟ ಇದೆ. ನಂಬರಿನ ಮೊದಲ ಮೂರು ಅಂಕಿ, ಕೊನೆಯ ಐದು ಅಕ್ಷರ ಹಾಕಿದರೆ ಅಂಗಡಿಯ ಹೆಸರು, ವಿಳಾಸ ಬರುತ್ತದೆ. ಹಾಕಿದೆ. ಬಂತು. ಲೈಸೆನ್ಸ್ ನೂರಕ್ಕೆ ನೂರು ಸರಿ.

ಅಲ್ಲಿಗೇ ನಿಂತಿದ್ದರೆ ದುಡ್ಡು ಹೋಗಿರುತ್ತಿತ್ತು. ಪತ್ರದಲ್ಲಿದ್ದ ಫೋನ್ ನಂಬರ್ ಬಿಟ್ಟು, ಆ ಅಂಗಡಿಯ ನಂಬರನ್ನು ನಾನೇ ಬೇರೆ ಕಡೆ ಹುಡುಕಿ ಫೋನ್ ಮಾಡಿದೆ. ಎತ್ತಿದವರು ವಯಸ್ಸಾದ ಹೆಂಗಸು. ನಾನು ಪೂರ್ತಿ ಹೇಳುವ ಮುಂಚೆಯೇ ಅವರೇ ಅಂದರು: "ಡಬಲ್ ಬ್ಯಾರಲ್ ಅಲ್ವಾ? ಈ ವಾರ ನೀವು ಮೂರನೆಯವರು. ಅದು ನಮ್ಮದಲ್ಲಪ್ಪ." ಅವರ ಲೈಸೆನ್ಸ್ ಪ್ರತಿಯನ್ನು ಯಾರೋ ಕದ್ದು ಆಟ ಆಡುತ್ತಿದ್ದರು. ಈ ಧಂದೆಯಲ್ಲಿ ಲೈಸೆನ್ಸಿನ ಪ್ರತಿಗಳು ದಿನಾ ಹತ್ತಾರು ಕಡೆ ಹೋಗುತ್ತವೆ, ಕದಿಯುವುದು ಕಷ್ಟವೇ ಅಲ್ಲ. ಕಾಗದ ನಿಜ ಇರಬಹುದು, ಕಾಗದ ಹಿಡಿದವನು ಸುಳ್ಳಿರಬಹುದು.

ಆವತ್ತಿನಿಂದ ಬಿಡ್ ಹಾಕುವ ಮುಂಚೆ ಕೋವಿಯ ಫೋಟೋಕ್ಕಿಂತ ಮೊದಲು ದುಡ್ಡಿನ ಷರತ್ತು ಓದುತ್ತೇನೆ. ಬಿಡ್ ಗೆದ್ದ ಮೇಲೆ ಓದಿ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಕೊಳ್ಳುತ್ತೇನೆ ಅಂತ ಮಾತು ಕೊಟ್ಟಾಗಿರುತ್ತದೆ. ಕಾರ್ಡ್ ತಗೊಳ್ಳುತ್ತಾನಾ? ಅಂಚೆ ಮನಿ ಆರ್ಡರ್, ಅಂದರೆ ಇಲ್ಲಿ ಅಂಚೆ ಕಚೇರಿಯಲ್ಲಿ ಕೊಂಡು ನಾವೇ ಕಳಿಸುವ ಚೆಕ್‌ನಂಥ ಹಾಳೆ, ತಗೊಳ್ಳುತ್ತಾನಾ? ಎರಡೂ ಇಲ್ಲ, ವೈರ್ (ಬ್ಯಾಂಕಿನಿಂದ ನೇರ ವರ್ಗಾವಣೆ) ಅಥವಾ ಕ್ರಿಪ್ಟೋ ಮಾತ್ರ ಅಂದರೆ ಪುಟ ಮುಚ್ಚುತ್ತೇನೆ. ಗಿಫ್ಟ್ ಕಾರ್ಡ್ ಕೇಳುವವರ ಬಗ್ಗೆ ಬರೆಯುವುದೇ ಬೇಡ.

ಮುಂದಿನ ಬೇಸಿಗೆಯಲ್ಲಿ ಕೊನೆಗೂ ಒಂದು ಸ್ಟೀವನ್ಸ್ 311 ಸಿಕ್ಕಿತು. ಇದು ಇಂಗ್ಲಿಷ್ ನಯ ನಾಜೂಕಿನ ಕೋವಿ ಅಲ್ಲ. ಅಮೆರಿಕದ ರೈತರ ಮನೆ ಬಾಗಿಲ ಹಿಂದೆ ನಿಂತಿರುತ್ತಿದ್ದ ಒರಟು ಜೋಡು ನಳಿಗೆ. ಮಾರುತ್ತಿದ್ದದ್ದು ಓಹಾಯೋದ ಒಂದು ಅಂಗಡಿ. 540ಕ್ಕೆ ಗೆದ್ದೆ, ಶಿಪ್ಪಿಂಗ್ 45, ಒಟ್ಟು 585 ಡಾಲರ್. ಕಾರ್ಡ್ ಆದರೆ ಶೇ. 3 ಜಾಸ್ತಿ, ಅಂದರೆ 17 ಡಾಲರ್ 55 ಸೆಂಟ್. ಮನಿ ಆರ್ಡರ್ ಆದರೆ ಅದು ಉಳಿಯುತ್ತದೆ. ನಮ್ಮ ಜನ ಇಲ್ಲೇ ಜಾರುವುದು. ಹದಿನೇಳು ಡಾಲರ್‌ಗೆ ಎಷ್ಟು ದೋಸೆ ಬರುತ್ತದೆ ಅಂತ ನಾನೂ ಲೆಕ್ಕ ಹಾಕಿದೆ. ಆಮೇಲೆ 140 ನೆನಪಾಯಿತು. ಕಾರ್ಡ್ ಕೊಟ್ಟೆ.

ಆ 17 ಡಾಲರ್ ಕೊಟ್ಟು ಕೊಂಡದ್ದು ಏನು ಅಂದರೆ, ನನ್ನ ಪರವಾಗಿ ಜಗಳ ಆಡುವ ಒಂದು ಬ್ಯಾಂಕ್. 1974ರ ಕಾಯ್ದೆಯೊಂದರ ಪ್ರಕಾರ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಸಾಮಾನು ಬರದಿದ್ದರೆ, ಬಿಲ್ ಕಳಿಸಿದ 60 ದಿನದೊಳಗೆ ಬ್ಯಾಂಕ್‌ಗೆ ಬರೆದು ತಕರಾರು ಹೂಡಬಹುದು. ವಿಚಾರಣೆ ಮುಗಿಯುವವರೆಗೆ ಆ ಮೊತ್ತ ಕಟ್ಟಬೇಕಿಲ್ಲ. ಡೆಬಿಟ್ ಕಾರ್ಡಿಗೆ ಈ ಕಾಯ್ದೆ ಇಲ್ಲ, ಅಲ್ಲಿ ಮೊದಲು ಹೋಗುವುದು ನಮ್ಮ ಖಾತೆಯ ದುಡ್ಡು. ಎರಡೂ ಕಾರ್ಡೇ ಅಲ್ವಾ ಅಂದುಕೊಳ್ಳಬೇಡಿ. ಇನ್ನೊಂದು, ಮೊದಲ ಸಲ ನನ್ನ ಬ್ಯಾಂಕ್ ಈ ಪಾವತಿಯನ್ನು ತಡೆಹಿಡಿದು "ಇದು ನೀವೇನಾ?" ಅಂತ ಮೆಸೇಜ್ ಮಾಡಿತು. ಈಗ ಮುಂಚೆಯೇ ಫೋನ್ ಮಾಡಿ ಹೇಳಿಬಿಡುತ್ತೇನೆ.

ಕಾರ್ಡ್ ಬೇಡ ಅನ್ನುವ ಹಳಬರೂ ಇದ್ದಾರೆ. ಅವರ ಕಾರಣ ಬೇರೆ. ಕಾರ್ಡಿನ ದುಡ್ಡು ಯಾವ ಬಗೆಯ ಅಂಗಡಿಗೆ ಹೋಯಿತು ಅಂತ ತೋರಿಸುವ ಸಂಕೇತಗಳಿವೆ; ಬಂದೂಕು ಅಂಗಡಿಗಳಿಗೆ ಅಂತಲೇ ಅಂಥ ಒಂದು ಪ್ರತ್ಯೇಕ ಸಂಕೇತವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 2022ರಲ್ಲಿ ಒಪ್ಪಿತು, ಮರುವರ್ಷ ಕಾರ್ಡ್ ಕಂಪನಿಗಳು ಅದನ್ನು ತಡೆಹಿಡಿದವು. ಯಾರು ಏನು ಕೊಂಡರು ಅಂತ ಬ್ಯಾಂಕ್ ಯಾಕೆ ನೋಡಬೇಕು ಅನ್ನುವುದು ಅವರ ವಾದ. ನಾನು ಆ ಜಗಳಕ್ಕೆ ಹೋಗುವುದಿಲ್ಲ. 4473 ತುಂಬಿದ ಮೇಲೆ ಗುಟ್ಟು ಎಲ್ಲಿಯದು?

ಕೋವಿ ಒಂಬತ್ತನೆಯ ದಿನ ಡೀಲರ್ ಅಂಗಡಿಗೆ ಬಂತು. ಕೌಂಟರಿನ ಮೇಲೆ ಹಸಿರು ಚಾಪೆ, ಅದರ ಮೇಲೆ ಪೆಟ್ಟಿಗೆ. ಡೀಲರ್ ಫಾರಂ, ಪೆನ್ನು ಮುಂದಿಟ್ಟ. ಪೆನ್ನು ಮುಟ್ಟಲಿಲ್ಲ ನಾನು. ಹೆಚ್ಚಿನ ಮಾರಾಟಗಾರರು ಮೂರು ದಿನ ಪರೀಕ್ಷೆ ಮಾಡಲು ಬಿಡುತ್ತಾರೆ, ಆದರೆ ಫಾರಂ ತುಂಬಿ ಕೋವಿ ನಮ್ಮ ಹೆಸರಿಗಾದರೆ ವಾಪಸ್ ಇಲ್ಲ. ಸಹಿ ಹಾಕಿದ ಕ್ಷಣಕ್ಕೆ ಅದು ಹಳೇ ಮಾಲು, ನಮ್ಮ ಮಾಲು.

ನಳಿಗೆ ಬಿಚ್ಚಿ ಟ್ಯೂಬ್‌ಲೈಟ್ ಕಡೆ ಹಿಡಿದು ಒಳಗೆ ನೋಡಿದೆ. ಕನ್ನಡಿ ಹಾಗಿತ್ತು. ನಳಿಗೆ ಬಂದು ಕೂರುವ ಬೀಗದ ಜಾಗ ಬಿಗಿ. ಹಿಡಿಯನ್ನು ಮಾತ್ರ ಕಿಟಕಿ ಹತ್ತಿರ ಒಯ್ದೆ. ಈ ಮಾಡೆಲಿನಲ್ಲಿ ಕಬ್ಬಿಣ ಮರಕ್ಕೆ ಸೇರುವ ಬುಡದಲ್ಲಿ ಬಿರುಕು ಬರುವುದು ಮಾಮೂಲು. ಹೆಬ್ಬೆರಳಲ್ಲಿ ಒತ್ತಿ ತಿರುಚಿದೆ. ಕೂದಲೆಳೆ ಗೆರೆ ಒಂದಿಂಚು ಬಾಯಿಬಿಟ್ಟು ಮತ್ತೆ ಮುಚ್ಚಿತು. ಒಳಗೆ ಎಣ್ಣೆ ಕುಡಿದು ಕಪ್ಪಾಗಿತ್ತು, ಅಂದರೆ ಹಳೇ ಬಿರುಕು. ಹರಾಜಿನ ಫೋಟೋಗಳು ಹನ್ನೆರಡಿದ್ದವು, ಈ ಜಾಗದ್ದು ಒಂದೂ ಇರಲಿಲ್ಲ.

ಅಲ್ಲಿಂದಲೇ ಫೋಟೋ ಕಳಿಸಿ ಓಹಾಯೋಕ್ಕೆ ಫೋನ್ ಮಾಡಿದೆ. ಕೂಗಾಡಲಿಲ್ಲ. "ಇನ್ನೂ ಸಹಿ ಹಾಕಿಲ್ಲ" ಅಂತ ಮಾತ್ರ ಎರಡು ಸಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ವಾಪಸ್ ಕಳಿಸ್ತೀರಾ ಇಲ್ಲ 80 ಡಾಲರ್ ಕಡಿಮೆ ಮಾಡಲಾ ಅಂತ ಕೇಳಿದ. ಕಾರ್ಡ್ ಆದ್ದರಿಂದ ಅವನಿಗೂ ಸುಲಭ, 80 ಡಾಲರ್ ವಾಪಸ್ ಬಂದ ಮೆಸೇಜ್ ನನ್ನ ಫೋನಿಗೆ ಬಂದಾಗ ಇನ್ನೂ ಕೌಂಟರ್ ಹತ್ತಿರವೇ ಇದ್ದೆ. ಆಮೇಲೆ ಪೆನ್ನು ತಗೊಂಡೆ. ಬಿರುಕಿಗೆ ತೆಳು ಅಂಟು ಇಳಿಸಿ, ಸೈಕಲ್ ಟ್ಯೂಬ್ ಬಿಗಿದು ಕಟ್ಟಿ ಎರಡು ದಿನ ಬಿಟ್ಟೆ. ಗಟ್ಟಿಯಾಗಿದೆ.

ಎಲ್ಲ ಸಲ ಕಾರ್ಡ್ ನಡೆಯುವುದಿಲ್ಲ. ಅಂಗಡಿ ಇಲ್ಲದ ಸಾಮಾನ್ಯ ಜನ ಮಾರುವಾಗ ಕಾರ್ಡ್ ಯಂತ್ರ ಎಲ್ಲಿಂದ ಬರಬೇಕು? ಹೋದ ವರ್ಷ ಮಿಸ್ಸೂರಿಯ ಒಬ್ಬ ನಿವೃತ್ತ ಮುದುಕರಿಂದ ಒಂಟಿ ನಳಿಗೆಯ 20 ಬೋರ್ ಕೋವಿ ಕೊಂಡೆ, 210 ಡಾಲರ್. ಅವರಿಗೆ ಅಂಚೆ ಮನಿ ಆರ್ಡರ್ ಬಿಟ್ಟು ಬೇರೇನೂ ಬೇಡ. ಹತ್ತು ವರ್ಷದಿಂದ ಮಾರುತ್ತಿದ್ದಾರೆ, ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಕೆಟ್ಟದ್ದು ಒಂದೂ ಇಲ್ಲ. ಆದರೂ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದೆ. ಕೋವಿಗಿಂತ ಜಾಸ್ತಿ ಅವರ ನಾಯಿ ವಿಷಯ ಬಂತು.

ಅಂಚೆ ಕಚೇರಿಯ ಕಿಟಕಿಯಲ್ಲಿ ಮನಿ ಆರ್ಡರ್‌ಗೆ ನಗದು ಅಥವಾ ಡೆಬಿಟ್ ಕಾರ್ಡ್ ಕೊಡಬೇಕು. ಒಂದು ಹಾಳೆಗೆ 1000 ಡಾಲರ್ ಮಿತಿ. ಬೆಳಕಿಗೆ ಹಿಡಿದರೆ ಬೆಂಜಮಿನ್ ಫ್ರಾಂಕ್ಲಿನ್ ಮುಖ ಕಾಣುತ್ತದೆ. ಹೆಸರಿನ ಜಾಗವನ್ನು ಅಲ್ಲೇ ನಿಂತು ತುಂಬಿ, ಖಾಲಿ ಬಿಟ್ಟು ಹೊರಗೆ ಬರಬೇಡಿ. ಖಾಲಿ ಇದ್ದರೆ ಅದು ನಗದು ಇದ್ದ ಹಾಗೆ. ಕಾರ್ಡಿನಷ್ಟು ರಕ್ಷಣೆ ಇಲ್ಲ, ಮಾರಿದವನು ನಗದಾಗಿಸಿದರೆ ಮುಗಿಯಿತು. ಆದರೆ ಯಾರ ಹೆಸರಿಗೆ ಕಳಿಸಿದೆ ಅನ್ನುವ ದಾಖಲೆ ಉಳಿಯುತ್ತದೆ, ನಂಬರ್ ಹಾಕಿ ನಗದಾಯಿತಾ ಅಂತ ನೋಡಬಹುದು. ಅಂಚೆಯಲ್ಲಿ ಮೋಸ ಆದರೆ ಅಂಚೆ ಇಲಾಖೆಗೆ ತನ್ನದೇ ಪೊಲೀಸರಿದ್ದಾರೆ, ಅದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧ. ಕಳ್ಳರಿಗೆ ಮನಿ ಆರ್ಡರ್ ಅಂದರೆ ಇಷ್ಟ ಇಲ್ಲದಿರುವುದು ಇದಕ್ಕೇ. ಪತ್ರವನ್ನು ಟ್ರ್ಯಾಕಿಂಗ್ ಜೊತೆ ಕಳಿಸಿದೆ.

ಐದನೆಯ ದಿನ ಮುದುಕರು ಫೋನ್ ಮಾಡಿದರು. ಕವರು ಸಿಕ್ಕಿತಂತೆ. ಪೆಟ್ಟಿಗೆಯಲ್ಲಿ ಜಾಗ ಉಳಿದಿದೆ, ಅರ್ಧ ಡಬ್ಬಿ ಹಳೇ ನಳಿಗೆ ಬ್ರಷ್‌ಗಳಿವೆ, ಹಾಕಲಾ ಅಂತ ಕೇಳಿದರು. ಹಾಕಿ ಅಂದೆ. ಮನಿ ಆರ್ಡರಿನ ರಸೀದಿ ಈಗಲೂ ಆ ಬ್ರಷ್ ಡಬ್ಬಿಯ ಒಳಗೇ ಇದೆ.