ಇರಾನಿ ಗೆಳೆಯರ ಮಾತಿನಲ್ಲಿ ಲೂರಿಯನ್ನು ಗುರುತಿಸುವ ಬಗೆ

ಪುಣೆಯಲ್ಲಿ ಓದಲು ಬರುವ ಇರಾನಿ ವಿದ್ಯಾರ್ಥಿಗಳ ಪರಿಚಯವಾದಾಗ ಇಲ್ಲಿನ ಕನ್ನಡಿಗರಲ್ಲಿ ಹಲವರು ಅವರೆಲ್ಲರ ಮನೆಮಾತು ಫಾರಸಿಯೇ ಎಂದುಕೊಳ್ಳುತ್ತಾರೆ. ಪಶ್ಚಿಮ ಇರಾನಿನ ಝಾಗ್ರೋಸ್ ಬೆಟ್ಟಗಳ ಕಡೆಯವರಾದರೆ ಅದು ಅಲ್ಲಿನ ಲೂರ್ ಜನರ ಮಾತಾದ ಲೂರಿಯೂ ಆಗಿರಬಹುದು. ಆದ್ದರಿಂದ ಭಾಷೆಗಿಂತ ಮೊದಲು ಊರನ್ನು ವಿಚಾರಿಸಿ. ಖೊರಮಾಬಾದಿನದು ಉತ್ತರ ಲೂರಿ, ಇಝೆಯದು ಬಖ್ತಿಯಾರಿ, ಯಾಸೂಜಿನದು ದಕ್ಷಿಣ ಲೂರಿ. ಪುಣೆಯ ಕ್ಯಾಂಪ್ ಪ್ರದೇಶದ ಇರಾನಿ ಕೆಫೆಗಳಲ್ಲಿ ಲೂರಿಯನ್ನು ಹುಡುಕಿ ಪ್ರಯೋಜನವಿಲ್ಲ, ಏಕೆಂದರೆ ಅವನ್ನು ನಡೆಸುವ ಮನೆತನಗಳಲ್ಲಿ ಹೆಚ್ಚಿನವು ಲೂರಿ ಸೀಮೆಯಿಂದಲ್ಲ, ಯಝ್ದ್, ಕೆರ್ಮಾನ್ ಕಡೆಯಿಂದ ಬಂದವು.

ಊರು ತಿಳಿದ ಮೇಲೆ ಕಿವಿಗೆ ಕೆಲಸ. ಫಾರಸಿಯ ‘ಖಾನೆ’, ಅಂದರೆ ಮನೆ, ಖೊರಮಾಬಾದಿನಲ್ಲಿ ‘ಹುನ’ ಆಗುತ್ತದೆ. ರಾತ್ರಿಯ ‘ಶಬ್’ ‘ಶೌ’ ಎಂದೂ ಹಣದ ‘ಪೂಲ್’ ‘ಪೀಲ್’ ಎಂದೂ ಕೇಳಿಸುತ್ತವೆ. ಹಳಗನ್ನಡದ ಪಾಲು, ಪಾವು ಹೊಸಗನ್ನಡದಲ್ಲಿ ಹಾಲು, ಹಾವು ಆದಂತೆ ಇವೂ ನಿಯಮಬದ್ಧ ವ್ಯತ್ಯಾಸಗಳೇ ಹೊರತು ಕೆಟ್ಟ ಉಚ್ಚಾರಣೆಯಲ್ಲ. ಒಂದೆರಡು ಜೋಡಿಗಳಿಂದ ತೀರ್ಮಾನಕ್ಕೆ ಬರದೆ ಮನೆ, ನೆಂಟರು, ದೇಹ, ದನಕರುಗಳಿಗೆ ಸಂಬಂಧಿಸಿದ ಮಾತುಗಳನ್ನು ಬರೆದುಕೊಳ್ಳಿ. ಶಾಲೆ ಮತ್ತು ಕಚೇರಿಯ ಶಬ್ದಗಳು ಬಹುಪಾಲು ಫಾರಸಿಯಿಂದಲೇ ಬಂದಿರುವುದರಿಂದ ಅವುಗಳಿಂದ ಏನೂ ಗೊತ್ತಾಗದು. ‘ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ’ ಎಂದು ಕೇಳಿದರೆ ಸಿಗುವುದು ಸಾಮಾನ್ಯವಾಗಿ ತಿದ್ದಿದ ಉತ್ತರ; ಅದಕ್ಕಿಂತ ಅವರು ತಾಯಿಯೊಡನೆ ಫೋನಿನಲ್ಲಿ ಮಾತನಾಡುವುದನ್ನು, ಒಪ್ಪಿಗೆ ಪಡೆದು, ಕೇಳುವುದು ಎಷ್ಟೋ ಮೇಲು.

ಸಂಬಂಧವನ್ನು ವಿವರಿಸುವಾಗ ಲೂರಿ ಇಂದಿನ ಫಾರಸಿಯಿಂದ ಒಡೆದು ಬಂದುದೆಂದು ಬರೆಯಬೇಡಿ. ಎರಡೂ ನೈಋತ್ಯ ಇರಾನಿ ಶಾಖೆಗೆ ಸೇರಿದವು, ಇಸ್ಲಾಮಿಗೆ ಮುಂಚೆ ಇರಾನನ್ನು ಆಳಿದ ಸಸಾನಿಯನ್ನರ ಕಾಲದ ಮಧ್ಯ ಫಾರಸಿಗೆ ಹತ್ತಿರದವು. ಅಂತರರಾಷ್ಟ್ರೀಯ ಭಾಷಾ ಸಂಕೇತಗಳಲ್ಲಂತೂ ಮೇಲೆ ಹೇಳಿದ ಮೂರು ಬಗೆಗಳಿಗೂ ಪ್ರತ್ಯೇಕ ಸ್ಥಾನವಿದೆ.

ತೊಡಕಿರುವುದು ಗುರುತಿನಲ್ಲಿ. ಲೊರೆಸ್ತಾನ್ ಪ್ರಾಂತದ ಕೂಹ್‌ದಶ್ತ್ ಕಡೆಯವರೊಬ್ಬರು ತಾವು ಲೂರರೆಂದು ಹೇಳಿಕೊಂಡರೂ ಅವರ ಮನೆಮಾತು ಲಕಿ ಆಗಿರಬಹುದು. ಅದನ್ನು ಭಾಷಾವಿಜ್ಞಾನಿಗಳು ಹೆಚ್ಚಾಗಿ ಕುರ್ದಿಷ್ ಕಡೆಗೆ ಸೇರಿಸುತ್ತಾರೆ. ಆದ್ದರಿಂದ ಜನಾಂಗ ಮತ್ತು ಭಾಷೆಯನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯಿರಿ. 1979ರ ಇರಾನ್ ಸಂವಿಧಾನದ 15ನೆಯ ವಿಧಿಯು ಪ್ರಾದೇಶಿಕ ಭಾಷೆಗಳನ್ನು ಪತ್ರಿಕೆಗಳಲ್ಲಿ ಬಳಸಲು, ಅವುಗಳ ಸಾಹಿತ್ಯವನ್ನು ಶಾಲೆಗಳಲ್ಲಿ ಕಲಿಸಲು ಅವಕಾಶ ಕೊಟ್ಟಿದ್ದರೂ ಶಿಕ್ಷಣ ನಡೆಯುವುದು ಫಾರಸಿಯಲ್ಲಿ. ಹಾಗಾಗಿ ಲೂರಿ ಆಡುವವರೇ ಅದನ್ನು ಬರಿಯ ‘ಲಹ್ಜೆ’, ಎಂದರೆ ಉಪಭಾಷೆ, ಎಂದು ಕರೆದಾರು. ವಾದಕ್ಕಿಳಿಯದೆ ಆ ಮಾತನ್ನು ಅವರ ಅಭಿಪ್ರಾಯವೆಂದೇ ದಾಖಲಿಸಿ, ಪಕ್ಕದಲ್ಲಿ ನೀವು ಕೇಳಿದ ಜೋಡಿಗಳನ್ನು ಇಡಿ.