ಎಂಜಿನ್ ಬಿಸಿ ಇಳಿಸಿದ್ದು ತಗಡು ಮತ್ತು ಸ್ಪಂಜು: ನನ್ನ ಅನುಭವ

ಹೋದ ಸಲ ಕಾರು ಹಿಡಿದು ರೇಸ್ ಟ್ರ್ಯಾಕಿಗೆ ಇಳಿದದ್ದು ಮಟಮಟ ಮಧ್ಯಾಹ್ನ. ಹೊರಗೆ 36 ಡಿಗ್ರಿ. ಸತತ 20 ನಿಮಿಷ ಎಲ್ಲೂ ಕಾಲು ಸಡಿಲಿಸದೆ ಓಡಿಸಿ ಒಳಗೆ ಬಂದಾಗ ಕೂಲೆಂಟ್ (ಎಂಜಿನ್ ತಣಿಸುವ ನೀರು) 100ರ ಆಸುಪಾಸು, ಆಯಿಲ್ 118 ಇತ್ತು. ಎರಡು ವರ್ಷದ ಹಿಂದೆ ಇದೇ ಗಾಡಿ ಐದನೇ ಲ್ಯಾಪಿಗೆ ಕೂಲೆಂಟ್ 118, ಆಯಿಲ್ 140 ತೋರಿಸಿ ನನ್ನನ್ನು ಪಿಟ್ಟಿಗೆ ಅಟ್ಟುತ್ತಿತ್ತು. ಆಗಲೂ ಎರಡು ಲೀಟರ್ ಟರ್ಬೊ, ಈಗಲೂ ಅದೇ. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಒಂದು ಕೂದಲೆಳೆಯಷ್ಟೂ ಇಳಿಸಿಲ್ಲ. "ತಗಡು ಬಗ್ಗಿಸಿ ಸ್ಪಂಜು ತುರುಕಿದರೆ ಬಿಸಿ ಇಳಿಯುತ್ತೇನಪ್ಪಾ, ದೊಡ್ಡ ರೇಡಿಯೇಟರ್ ಹಾಕು" ಅಂದವರೆಲ್ಲ ಅವತ್ತು ಅಲ್ಲೇ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ರೇಡಿಯೇಟರ್ ನಾನೂ ಹಾಕಿದ್ದೆ. ಕಂಪನಿಯದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದಪ್ಪದ ಅಲ್ಯೂಮಿನಿಯಂ ಕೋರ್, ಅಂದರೆ ಬಿಸಿನೀರು ಹರಿದು ಗಾಳಿಗೆ ತಣಿಯುವ ಜಾಲರಿ. ಎರಡು ಸೆಟ್ ಟೈರ್ ಬರುವಷ್ಟು ದುಡ್ಡು ಅದಕ್ಕೆ ಸುರಿದೆ. ಸಿಕ್ಕಿದ್ದು ಎರಡು ಲ್ಯಾಪ್ ಹೆಚ್ಚು, ಅಷ್ಟೇ. ಏಳನೇ ಲ್ಯಾಪಿಗೆ ಮತ್ತೆ ಅದೇ 118. ಮೇಲಾಗಿ ರಸ್ತೆಯ ಟ್ರಾಫಿಕ್ಕಿನಲ್ಲಿ ಮೊದಲಿಗಿಂತ ಕೆಟ್ಟಿತು. ಅಷ್ಟು ದಪ್ಪದ ಕೋರಿನ ಮೂಲಕ ಗಾಳಿ ಎಳೆಯಲು ಫ್ಯಾನಿಗೆ ಶಕ್ತಿ ಸಾಲದು. ಸರಿ, ಜೋಡಿ ಫ್ಯಾನ್ ಹಾಕಿಸಿದೆ. ಟ್ರಾಫಿಕ್ ಸರಿಹೋಯಿತು, ಟ್ರ್ಯಾಕಿನಲ್ಲಿ ಇನ್ನೂ ಮೂರು ಡಿಗ್ರಿ ಏರಿತು. ವೇಗದಲ್ಲಿ ನುಗ್ಗುವ ಗಾಳಿಗೆ ಫ್ಯಾನಿನ ಸುತ್ತಲಿನ ಹೊದಿಕೆ, ಅಂದರೆ ಶ್ರೌಡೇ ಗೋಡೆಯಾಗಿ ನಿಂತಿತ್ತು.

ಆಮೇಲೆ ಯಾರದೋ ಮಾತು ಕೇಳಿ ಥರ್ಮೋಸ್ಟಾಟನ್ನು (ನೀರು ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರ್ ಕಡೆ ಬಿಡುವ ಕವಾಟ) ಕಿತ್ತೆಸೆದೆ. ಇದನ್ನು ದಯವಿಟ್ಟು ಮಾಡಬೇಡಿ. ನನ್ನ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅದರ ಹಿಂಬದಿಯ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಕಡೆ ಮುಖವನ್ನೂ ಹಾಕದೆ ಮತ್ತೆ ಬ್ಲಾಕಿಗೇ ಮರಳುತ್ತದೆ. ಈಗ 82 ಡಿಗ್ರಿಗೆ ತೆರೆಯುವುದನ್ನು ಹಾಕಿದ್ದೇನೆ, ತೆಗೆಯುವ ಮಾತೇ ಇಲ್ಲ.

ಎಲ್ಲಕ್ಕಿಂತ ದುಬಾರಿಯಾಗಿದ್ದು ಒಂದು ಸುಳ್ಳು ಅಂಕಿ. ಆರನೇ ಲ್ಯಾಪಿನಲ್ಲಿ 116 ತೋರಿಸುತ್ತಿದ್ದ ಮೀಟರ್ ಇದ್ದಕ್ಕಿದ್ದಂತೆ 90ಕ್ಕೆ ಬಿತ್ತು. ತಣ್ಣಗಾಯಿತು ಅಂತ ಖುಷಿಯಲ್ಲಿ ಇನ್ನೊಂದು ಲ್ಯಾಪ್ ಹೊಡೆದೆ. ಆಗಿದ್ದೇನೆಂದರೆ, ಕೆಳಗಿನ ಹೋಸ್ ಕ್ಲಾಂಪ್ ಸಡಿಲಾಗಿ ನೀರು ಹೋಗಿಬಿಟ್ಟಿತ್ತು. ಸೆನ್ಸರಿನ ತುದಿ ನೀರಿನಿಂದ ಹೊರಬಿದ್ದು ಖಾಲಿ ಜಾಗದ ತಾಪ ತೋರಿಸುತ್ತಿತ್ತು. ಹೆಡ್ (ಎಂಜಿನ್ನಿನ ಮೇಲ್ಭಾಗ) ಬಾಗಿತು, ಅದರಡಿಯ ಗ್ಯಾಸ್ಕೆಟ್ ಹೋಯಿತು. ಹೆಡ್ ಬಿಚ್ಚಿ ಫೇಸಿಂಗ್ (ಸಮತಟ್ಟು) ಮಾಡಿಸಿ, ಹೊಸ ಬೋಲ್ಟ್, ಗ್ಯಾಸ್ಕೆಟ್ ಎಲ್ಲ ಸೇರಿ ಆ ದೊಡ್ಡ ರೇಡಿಯೇಟರಿನ ಮೂರರಷ್ಟು ಖರ್ಚು. ಒಂದು ಸೀಸನ್ನಿನ ಅರ್ಧ ಗಾಡಿ ಸ್ಟ್ಯಾಂಡಿನ ಮೇಲೇ ಕಳೆಯಿತು. ಅಂದಿನಿಂದ ಕೂಲೆಂಟ್ ಪ್ರೆಷರ್ ಸೆನ್ಸರ್ ಹಾಕಿ ಕಣ್ಣಿನ ನೇರಕ್ಕೆ ಕೆಂಪು ದೀಪ ಕೂರಿಸಿದ್ದೇನೆ. ಬಿಸಿಯಾದ ಎಂಜಿನ್ನಿನಲ್ಲಿ ಪ್ರೆಷರ್ ಬಿದ್ದರೆ ಸೋರಿಕೆ ಅಂತಲೇ ಅರ್ಥ, ತಾಪದ ಮುಳ್ಳು ಏನೇ ಹೇಳಲಿ. ಕಂಪನಿಯ ಮುಳ್ಳನ್ನಂತೂ ನಂಬಲೇಬಾರದು. ನನ್ನ ಗಾಡಿಯಲ್ಲಿ ಅದು 80ರಿಂದ 108ರವರೆಗೂ ನಟ್ಟನಡುವೆ ಅಲುಗಾಡದೆ ನಿಲ್ಲುತ್ತದೆ.

ಹೆಡ್ ಬಿಚ್ಚಿಟ್ಟ ಆ ದಿನಗಳಲ್ಲೇ ಯೋಚನೆ ಬದಲಾಯಿತು. ನೀರು ಸರಿಯಾಗಿ ಹರಿಯುತ್ತಿದೆ, ಪಂಪ್ ಹೊಸದು. ಹಾಗಾದರೆ ಗಾಳಿ? ಅದನ್ನು ಅಳೆದೇ ಇರಲಿಲ್ಲ. ಪಾರದರ್ಶಕ ಪೈಪನ್ನು ಇಂಗ್ಲಿಷ್ ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿದೆ. ಒಂದು ತುದಿ ರೇಡಿಯೇಟರಿನ ಮುಂದೆ, ಇನ್ನೊಂದು ಹಿಂದೆ. ತುದಿಗಳು ಗಾಳಿಗೆ ಬಾಯಿ ತೆರೆದು ನಿಂತರೆ ಲೆಕ್ಕ ತಪ್ಪುತ್ತದೆ, ಅಡ್ಡಲಾಗಿ ಕೂರಿಸಿ. ಹಲಗೆಯೂ ಗಾಡಿಗೆ ಅಡ್ಡಲಾಗಿಯೇ ಇರಲಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ನೀರು ತುಳುಕುತ್ತದೆ. ನೇರ ಹಾದಿಯಲ್ಲಿ ವೇಗ ಸ್ಥಿರವಾಗಿಟ್ಟು, ಕ್ಯಾಮೆರಾದಲ್ಲಿ ಹಿಡಿದು ಆಮೇಲೆ ಓದಿಕೊಂಡೆ.

ಗಂಟೆಗೆ 100 ಕಿಮೀ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 47 ಮಿಮೀ ನೀರು. ನನ್ನ ಕೋರಿನ ಮುಂದಕ್ಕೂ ಹಿಂದಕ್ಕೂ ಸಿಕ್ಕ ವ್ಯತ್ಯಾಸ 12, ಹೆಚ್ಚೆಂದರೆ 14. ಮುಕ್ಕಾಲು ಪಾಲು ಪೋಲು! ಬಂಪರಿನೊಳಗೆ ನುಗ್ಗಿದ ಗಾಳಿ ಕೋರಿನ ಅಕ್ಕಪಕ್ಕದ ಸಂದಿಗಳಲ್ಲಿ ಜಾರಿಕೊಳ್ಳುತ್ತಿತ್ತು. ಎಂಜಿನ್ ಕೋಣೆಯಲ್ಲೂ ಗಾಳಿ ತುಂಬಿ ಹಿಂದಿನಿಂದ ತಡೆಯುತ್ತಿತ್ತು. ಗಾಳಿ ಸೋಮಾರಿ, ಸುಲಭದ ದಾರಿ ಬಿಟ್ಟು ಹೋಗದು. ಇಂಥಲ್ಲಿ ಕೋರ್ ದಪ್ಪ ಮಾಡಿದರೆ ಅದರ ದಾರಿ ಇನ್ನೂ ಕಷ್ಟವಾಗುತ್ತದೆ, ಅಷ್ಟೇ.

ಮೊದಲು 1 ಮಿಮೀ ಅಲ್ಯೂಮಿನಿಯಂ ತಗಡಿನಲ್ಲಿ ಬಂಪರಿನ ಬಾಯಿಯಿಂದ ಕೋರಿನ ಅಂಚಿನವರೆಗೆ ಪೆಟ್ಟಿಗೆ ಕಟ್ಟಿದೆ, ಕೋರಿಗೆ ತಾಗುವಲ್ಲಿ ಒತ್ತಾದ ಸ್ಪಂಜು. ಬೆರಳು ತೂರುವ ಸಂದಿ ಇದ್ದರೂ ಬಿಡಲಿಲ್ಲ. ರಾತ್ರಿ ಬಾನೆಟ್ಟಿನ ಕೆಳಗೆ ಟಾರ್ಚ್ ಇಟ್ಟು ಮುಂದಿನಿಂದ ನೋಡಿ, ಕೋರಿನ ಸುತ್ತ ಬೆಳಕು ಎಲ್ಲಿ ಇಣುಕಿದರೂ ಅಲ್ಲಿ ಮುಚ್ಚಿದೆ. ಬಾಯಿ ಕೋರಿನ ಮೂರರಲ್ಲಿ ಒಂದು ಪಾಲು ಇದ್ದರೆ ಸಾಕು. ಆದರೆ ಅಲ್ಲಿಂದ ನಿಧಾನವಾಗಿ ಅಗಲವಾಗಬೇಕು. ನನ್ನ ಮೊದಲ ಪೆಟ್ಟಿಗೆ ತಟ್ಟನೆ ಅಗಲವಾಗಿತ್ತು, ಮೂಲೆಗಳಲ್ಲಿ ಗಾಳಿ ಸುತ್ತಿಕೊಂಡು ಪೈಪಿನ ಅಳತೆ 22ಕ್ಕೇ ನಿಂತಿತು. ಎರಡನೆಯದರ ಅಂಚುಗಳನ್ನು ದುಂಡಾಗಿಸಿದ ಮೇಲೆ 29.

ಇನ್ನು ಹೊರದಾರಿ. ಬಾನೆಟ್ಟಿಗೆ ಕಿಂಡಿ ಕೊರೆಯುವಾಗ ಮೊದಲ ಸಲ ಮುಂಗಾಜಿನ ಬುಡದಲ್ಲಿ ಕೊರೆದು ಒಂದು ಬಾನೆಟ್ ಹಾಳು ಮಾಡಿದೆ. ಉಣ್ಣೆಯ ಎಳೆಗಳನ್ನು ಅಂಟಿಸಿ ಓಡಿಸಿದರೆ ಎಳೆಗಳೆಲ್ಲ ಕಿಂಡಿಯೊಳಕ್ಕೇ ಮುಖ ಮಾಡಿದವು. ಅಲ್ಲಿ ಗಾಜಿಗೆ ಬಡಿದ ಗಾಳಿಯ ಒತ್ತಡ ಹೆಚ್ಚು. ಸೆಕೆಂಡ್ ಹ್ಯಾಂಡ್ ಬಾನೆಟ್ ತಂದು ಕೋರಿನ ಬೆನ್ನಿಗೇ, ಮುಂದಿನ ಮೂರನೇ ಒಂದು ಭಾಗದಲ್ಲಿ ಕೊರೆದೆ. ಕಿಂಡಿಯ ಮುಂದಂಚಿಗೆ ಒಂದು ಪುಟ್ಟ ಏಣು ನಿಲ್ಲಿಸಿದೆ, ಅದರ ಹಿಂದೆ ಒತ್ತಡ ಬಿದ್ದು ಒಳಗಿನ ಬಿಸಿಗಾಳಿಯನ್ನು ಹೀರುತ್ತದೆ. ಆ ಏಣಿನ ಎತ್ತರ, ಓರೆ ಮಾತ್ರ ಕೇಳಬೇಡಿ. ಒಂಬತ್ತು ತಗಡು ಕತ್ತರಿಸಿ ಕಂಡುಕೊಂಡದ್ದು, ನನ್ನಲ್ಲೇ ಇರಲಿ. ಗಾಳಿ ಬರಲೆಂದು ಬಿಚ್ಚಿಟ್ಟಿದ್ದ ಅಡಿಯ ತಟ್ಟೆಯನ್ನೂ ವಾಪಸ್ ಹಾಕಿದೆ. ಅದಿಲ್ಲದೆ ನೆಲದಿಂದ ಗಾಳಿ ಕೋಣೆಗೆ ನುಗ್ಗಿ ತುಂಬಿಕೊಳ್ಳುತ್ತಿತ್ತು. ಅದೊಂದರಿಂದಲೇ ಮೂರು ಡಿಗ್ರಿ ಇಳಿಯಿತು. ಕೊನೆಗೆ ಪೈಪಿನಲ್ಲಿ 38-40 ಬಂತು.

ಆಯಿಲ್ ಕೂಲರ್ ಮೊದಲು ರೇಡಿಯೇಟರಿನ ಮುಂದೆಯೇ ಇತ್ತು. ಇಂಟರ್‌ಕೂಲರ್, ಎಸಿ ಕಂಡೆನ್ಸರ್, ಆಯಿಲ್ ಕೂಲರ್, ಹೀಗೆ ತಾವೂ ಬಿಸಿ ಕಾರುವ ಮೂರನ್ನೂ ದಾಟಿ ಬಂದ ಬಿಸಿಗಾಳಿಯಿಂದ ರೇಡಿಯೇಟರ್ ಏನು ತಾನೇ ಮಾಡೀತು? ಆಯಿಲ್ ಕೂಲರನ್ನು ಚಕ್ರದ ಕಮಾನಿನ ಮುಂದಕ್ಕೆ ಸಾಗಿಸಿ, ಅದಕ್ಕೂ ಬೇರೆ ಬಾಯಿ, ಬೇರೆ ಹೊರದಾರಿ ಕೊಟ್ಟೆ. ಆಯಿಲ್ ಬಿಸಿಯಾಗುವವರೆಗೆ ಕೂಲರಿಗೆ ಬಿಡದ ಥರ್ಮೋಸ್ಟಾಟ್ ಪ್ಲೇಟ್ ಇರಲೇಬೇಕು, ಇಲ್ಲವಾದರೆ ರಸ್ತೆಯಲ್ಲಿ ಆಯಿಲ್ 70 ದಾಟುವುದೇ ಇಲ್ಲ. ಶ್ರೌಡಿಗೆ ರಬ್ಬರ್ ಬಾಗಿಲು ಹಾಕಿದೆ. ವೇಗದಲ್ಲಿ ಗಾಳಿಗೆ ತೆರೆದುಕೊಳ್ಳುತ್ತವೆ, ಟ್ರಾಫಿಕ್ಕಿನಲ್ಲಿ ಫ್ಯಾನ್ ಎಳೆದಾಗ ಮುಚ್ಚಿಕೊಳ್ಳುತ್ತವೆ. ಈಗ ಒಂದೇ ಫ್ಯಾನ್ ಸಾಕು. ದಪ್ಪ ರೇಡಿಯೇಟರನ್ನು ಅರ್ಧ ಬೆಲೆಗೆ ಮಾರಿದೆ. ಈಗಿರುವುದು ಕಂಪನಿಯದ್ದಕ್ಕಿಂತ ಸ್ವಲ್ಪವೇ ದಪ್ಪದ್ದು. ತಗಡು, ಸ್ಪಂಜು, ರಿವೆಟ್ ಎಲ್ಲದಕ್ಕೂ ಆದ ಖರ್ಚು ಆ ದಪ್ಪ ರೇಡಿಯೇಟರಿನ ಹತ್ತರಲ್ಲಿ ಒಂದು ಪಾಲೂ ಇಲ್ಲ.

ನಡುವೆ ಇನ್ನೇನೇನೋ ಮಾಡಿ ನೋಡಿದೆ. ರೇಡಿಯೇಟರಿಗೆ ಕಪ್ಪು ಬಣ್ಣ: ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ಕೂಲೆಂಟಿಗೆ ಹೆಪ್ಪುಗಟ್ಟದಂತೆ ಬೆರೆಸುವ ಗ್ಲೈಕಾಲ್ ಬಿಟ್ಟು ಬರೀ ಶುದ್ಧ ನೀರು, ಜತೆಗೆ ತುಕ್ಕು ತಡೆಯುವ ದ್ರವ: ಮೂರು-ನಾಲ್ಕು ಡಿಗ್ರಿ ಇಳಿಯಿತು. ಚೆಲ್ಲಿದರೆ ಜಾರುತ್ತದೆಂದು ಎಷ್ಟೋ ಟ್ರ್ಯಾಕ್‌ಗಳಲ್ಲಿ ಗ್ಲೈಕಾಲನ್ನು ಬಿಡುವುದೂ ಇಲ್ಲ. ಚಳಿಯಲ್ಲಿ ಹೆಪ್ಪುಗಟ್ಟುವ ಕಡೆ ಮಾತ್ರ ಬರೀ ನೀರು ಬೇಡ. ನೀರು ತುಂಬುವಾಗ ಗಾಡಿಯ ಮೂತಿ ಎತ್ತಿ, ಹೀಟರ್ ಪೂರ್ತಿ ತೆರೆದು ಗುಳ್ಳೆ ತೆಗೆಯಿರಿ. ಒಂದೇ ಒಂದು ಗುಳ್ಳೆ ಹೆಡ್ಡಿನಲ್ಲಿ ಕೂತರೂ ಮೇಲಿನ ಕೆಲಸವೆಲ್ಲ ವ್ಯರ್ಥ. ಇನ್ನೊಂದು ಗಾಡಿಯ ಬಾಲ ಹಿಡಿದು ಓಡಿದರೆ ಈಗಲೂ ಆರೇಳು ಡಿಗ್ರಿ ಏರುತ್ತದೆ. ನೇರ ಹಾದಿಯಲ್ಲಿ ಅರ್ಧ ಗಾಡಿಯಗಲ ಪಕ್ಕಕ್ಕೆ ಸರಿದು ಮೂತಿಗೆ ಗಾಳಿ ಕೊಟ್ಟರೆ ಒಂದೇ ಲ್ಯಾಪಿನಲ್ಲಿ ಇಳಿಯುತ್ತದೆ.

ಅವತ್ತು ಪಿಟ್ಟಿನಲ್ಲಿ ಇಬ್ಬರು ಟೇಪು ಹಿಡಿದು ಬಂದು ನನ್ನ ಪೆಟ್ಟಿಗೆಯ ಅಳತೆ ತೆಗೆದುಕೊಂಡು ಹೋದರು. ಸ್ಪಂಜಿನ ಬಗ್ಗೆ ಹೇಳಲು ಮರೆತೆ, ಇಲ್ಲಿ ಹೇಳುತ್ತೇನೆ: ಐದಾರು ಟ್ರ್ಯಾಕ್ ದಿನಕ್ಕೆ ಅದು ಒಣಗಿ ಪುಡಿಯಾಗುತ್ತದೆ, ಮತ್ತೆ ಎರಡು ಡಿಗ್ರಿ ಏರಿದ್ದು ಕಂಡರೆ ಮೊದಲು ನೋಡಬೇಕಾದ್ದು ಅದನ್ನೇ.