ಪೀಟ್ ನೆಲದ ಮೇಲೆ ಕಾಂಕ್ರೀಟಿಲ್ಲದ ಕಲ್ಲುಶಿಲ್ಪ: ನನ್ನ ಅನುಭವ

ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನಲ್ಲಿ, ಸುಮಾರು ಎರಡೂವರೆ ಮೀಟರ್ ಆಳದ ಪೀಟ್ ನೆಲದ ಮೇಲೆ, ಅಂದರೆ ಅರೆಕೊಳೆತ ಪಾಚಿ-ಗಿಡಗಳು ಪದರಗಟ್ಟಿ ಆದ ಜೌಗುಮಣ್ಣಿನ ಮೇಲೆ, ನಾನು ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಮೊಗ್ಗು ಈಗ ಮೂರು ಚಳಿಗಾಲಗಳನ್ನು ದಾಟಿ ನೆಟ್ಟಗೆ ನಿಂತಿದೆ. ಎತ್ತರ ಎರಡು ಮೀಟರಿಗಿಂತ ತುಸು ಹೆಚ್ಚು, ತೂಕ ಏಳು ಟನ್ನಿನ ಆಸುಪಾಸು. ಅದರ ಕೆಳಗೆ ಕಾಂಕ್ರೀಟಿಲ್ಲ, ಉಕ್ಕಿನ ಕಂಬವಿಲ್ಲ. ದಿಮ್ಮಿ, ತಡಿಕೆ ಮತ್ತು ಹೆದರ್ ಗಿಡದ ಹೊರೆಗಳಿಂದ ಮಾಡಿದ ಒಂದು ತೆಪ್ಪ ಮಾತ್ರ ಇದೆ. ಇದು ಒಂದು ವರ್ಷವೂ ನಿಲ್ಲಲಾರದು ಎಂದು ಕೆಲಸ ಕೊಟ್ಟವರ ಕಡೆಯ ಎಂಜಿನಿಯರ್ ಬರೆದುಕೊಟ್ಟಿದ್ದರು. ಗೋಡೆ ಕಟ್ಟುವ ಕಸುಬಿನ ಗೆಳೆಯರಂತೂ ಅಷ್ಟು ಗಡುವನ್ನೂ ಕೊಟ್ಟಿರಲಿಲ್ಲ. ಈಗ ಅವರೇ ವಿಧಾನವನ್ನು ವಿಚಾರಿಸುತ್ತಿದ್ದಾರೆ, ಊರಿನ ಶಿಲ್ಪಿ ಮಿತ್ರರೂ ಕೇಳುತ್ತಿದ್ದಾರೆ, ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಒಣಗಲ್ಲಿನ, ಅಂದರೆ ಗಾರೆಯಿಲ್ಲದೆ ಕಲ್ಲು ಜೋಡಿಸುವ, ಕೆಲಸದ ಮೊದಲ ಪಾಠಗಳು ಓದುವವರಿಗೆ ಗೊತ್ತಿವೆ ಎಂದೇ ಭಾವಿಸಿದ್ದೇನೆ.

ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಶಿಲ್ಪ ಕಲಿತು ಬ್ರಿಟನ್ನಿಗೆ ಬಂದ ಮೇಲೆ ಹಲವು ವರ್ಷ ನನಗೆ ಅನ್ನ ಕೊಟ್ಟದ್ದು ಶಿಲ್ಪವಲ್ಲ, ಕುರಿಗಾವಲುಗಳ ಬಿದ್ದ ಗೋಡೆಗಳು. ದಿನಗೂಲಿಗೆ ಅವುಗಳನ್ನು ಎತ್ತಿ ಕಟ್ಟುತ್ತಲೇ ಇಲ್ಲಿನ ಒಣಗಲ್ಲು ಗೋಡೆಗಾರರ ಸಂಘದ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದೆ. ಇದನ್ನು ಹಿಂಬಡ್ತಿ ಎಂದು ನಾನು ಎಂದೂ ತಿಳಿದಿಲ್ಲ. ಬ್ರಿಟನ್ನಿನ ಹೆಸರಾಂತ ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ ಹದಿಹರೆಯದಿಂದಲೇ ಯಾರ್ಕ್‌ಷೈರಿನ ಜಮೀನುಗಳಲ್ಲಿ ದುಡಿದವರು. 1996ರಲ್ಲಿ ಕಂಬ್ರಿಯಾದಲ್ಲಿ ಅವರು ಕೈಗೆತ್ತಿಕೊಂಡ ಕುರಿದೊಡ್ಡಿಗಳ ಯೋಜನೆಯಲ್ಲಿ, ಪಾಳುಬಿದ್ದ ದೊಡ್ಡಿಗಳನ್ನು ಮತ್ತೆ ಕಟ್ಟಿ ಶಿಲ್ಪವನ್ನು ಅವುಗಳೊಳಗೇ ಸೇರಿಸಿದಾಗ, ಕಲ್ಲು ಇಡಲು ಜೊತೆಗೆ ನಿಂತವರು ವೃತ್ತಿನಿರತ ಗೋಡೆಗಾರರೇ. ಕಲ್ಲು ಇಡಬಲ್ಲ ಕೈಯೊಂದಿದ್ದರೆ ಈ ದೇಶದಲ್ಲಿ ಸ್ಥಳನಿರ್ದಿಷ್ಟ ಶಿಲ್ಪಿಯಾಗಿ, ಅಂದರೆ ಒಂದು ಜಾಗಕ್ಕೆಂದೇ ಕೃತಿ ಕಟ್ಟುವವನಾಗಿ, ಬದುಕಬಹುದು. ಅದಿಲ್ಲದವರು ಅರ್ಜಿ ಬರೆಯುವುದರಲ್ಲೇ ಅರ್ಧ ಆಯುಸ್ಸು ಕಳೆಯುತ್ತಾರೆ.

ಸ್ಥಳನಿರ್ದಿಷ್ಟ ಎಂದು ಹೇಳಿಕೊಳ್ಳುವ ಕೃತಿಗಳಲ್ಲಿ ಬಹುಪಾಲು ಒಂದು ಕಾಂಕ್ರೀಟ್ ಹಾಸಿನ ಮೇಲೆ ನಿಂತಿರುತ್ತವೆ. ಅಂಥದೇ ಹಾಸು ಸಿಕ್ಕರೆ ಅವು ಲೀಡ್ಸಿನ ಕಾರ್ ಪಾರ್ಕಿನಲ್ಲೂ ಅಷ್ಟೇ ಸುಖವಾಗಿ ನಿಲ್ಲುತ್ತವೆ. ಶಿಲ್ಪಿ ರಿಚರ್ಡ್ ವಿಲ್ಸನ್ 1987ರಲ್ಲಿ ಲಂಡನ್ನಿನ ಮ್ಯಾಟ್ಸ್ ಗ್ಯಾಲರಿಯಲ್ಲಿ ಒಂದು ಕೋಣೆಗೆ ಬಳಸಿದ ಎಂಜಿನ್ ಎಣ್ಣೆಯನ್ನು ತುಂಬಿ, ನೋಡುಗನು ಅದರ ನಡುವಿನವರೆಗೆ ಹೋಗಿ ನಿಲ್ಲುವಂತೆ ಮಾಡಿದ '20:50' ಎಂಬ ಕೃತಿ ಆಮೇಲೆ ಬೇರೆ ಬೇರೆ ಕಟ್ಟಡಗಳಿಗೆ ಹೋಯಿತು, ನಿಜ; ಆದರೆ ಪ್ರತಿಸಲವೂ ಹೊಸ ಕೋಣೆಯ ಅಳತೆಗೇ ಅದನ್ನು ಮತ್ತೆ ಕಟ್ಟಬೇಕಾಯಿತು. ಹಾಗಾಗಿ ಅದನ್ನು ಸ್ಥಳನಿರ್ದಿಷ್ಟ ಎನ್ನಲು ನನಗೆ ಅಡ್ಡಿಯಿಲ್ಲ. ನನ್ನ ಜೌಗಿನಲ್ಲಿ ಕಾಂಕ್ರೀಟ್ ಸುರಿದು ಅದರ ಮೇಲೆ ಕಲ್ಲು ಜೋಡಿಸಿದ್ದರೆ ಆ ಮಾತನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಕಾಂಕ್ರೀಟ್ ಬೇಡವೆಂದದ್ದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಪೀಟ್ ಎಂದರೆ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಆ ನೀರು ಹುಳಿ. ಸ್ಫ್ಯಾಗ್ನಮ್ ಪಾಚಿ ಬದುಕುವುದು ಆ ಹುಳಿಯಲ್ಲಿಯೇ. ಸಿಮೆಂಟಿನಿಂದ ಸೋರುವ ಸುಣ್ಣ ಸುತ್ತಲಿನ ಪಾಚಿಗೆ ಆಗದು, ಹುಳಿನೀರು ಸಿಮೆಂಟಿಗೂ ಆಗದು. ಇದೇ ಕಾರಣಕ್ಕೆ ಹತ್ತಿರದಲ್ಲೇ ಅಗ್ಗವಾಗಿ ಸಿಗುತ್ತಿದ್ದ ಸುಣ್ಣಗಲ್ಲನ್ನು ಬಿಟ್ಟು, ಅದೇ ಬಯಲಿನಲ್ಲಿ ಕುಸಿದು ಬಿದ್ದಿದ್ದ ಒಂದು ಗೋಡೆಯ ಒರಟು ಮರಳುಗಲ್ಲನ್ನೇ ಆರಿಸಿಕೊಂಡೆ. ಇನ್ನು ಹಣದ ಮಾತು. ಇಡೀ ಕೆಲಸಕ್ಕೆ ಇದ್ದದ್ದು ಸುಮಾರು ಹದಿನೆಂಟು ಸಾವಿರ ಪೌಂಡು. ಎಂಜಿನಿಯರ್ ಸೂಚಿಸಿದ ಅಡಿಪಾಯ ಒಂದಕ್ಕೇ ಹನ್ನೊಂದು ಸಾವಿರ ಬೇಕಿತ್ತು, ಏಕೆಂದರೆ ರಸ್ತೆಯಿಲ್ಲದ ಆ ಜಾಗಕ್ಕೆ ಕಾಂಕ್ರೀಟನ್ನು ಹೆಲಿಕಾಪ್ಟರಿನಲ್ಲಿ ಹೊರಬೇಕು, ಅದರ ಬಾಡಿಗೆ ಗಂಟೆಗೆ ಸಾವಿರ ಪೌಂಡಿಗೂ ಮೇಲೆ. ಉಳಿದ ಏಳು ಸಾವಿರದಲ್ಲಿ ಕಲ್ಲು, ಕೂಲಿ, ವಿಮೆ ಮತ್ತು ನನ್ನ ಊಟ ನಡೆಯಬೇಕಿತ್ತು.

ಇದಕ್ಕೂ ಮೊದಲು ಬೇರೊಂದು ಜಮೀನಿನಲ್ಲಿ ನನ್ನದೇ ಖರ್ಚಿನಲ್ಲಿ ಮಾಡಿದ ಸಣ್ಣ ಪ್ರಯೋಗಗಳು ಯಾವುವೂ ನಿಲ್ಲಲಿಲ್ಲ. ಹುಲ್ಲಿನ ಮೇಲೆ ನೇರವಾಗಿ ದೊಡ್ಡ ಚಪ್ಪಡಿಗಳನ್ನು ಹಾಸಿ ಕಟ್ಟಿದ್ದು ನವೆಂಬರಿನಲ್ಲಿ ಚೆನ್ನಾಗಿಯೇ ಇತ್ತು. ಹಿಮ ಕರಗಿದಾಗ ಒಂದು ಚಪ್ಪಡಿ ಮಾತ್ರ ಕೆಳಗಿಳಿದು, ಅದರ ಮೇಲಿನ ಕಲ್ಲಿನ ಸಾಲುಗಳೆಲ್ಲ (ವರಸೆಗಳು) ಬಾಯಿ ಬಿಟ್ಟು, ಕಡೆಗೆ ಎಲ್ಲವೂ ಒಂದೇ ಮಗ್ಗುಲಿಗೆ ಬಿತ್ತು. ಲಾರ್ಚ್ ಮರದ ಗೂಟಗಳನ್ನು ಬಡಿದು ನೋಡಿದೆ. ಕೆಳಗಿನ ಜೇಡಿಯನ್ನು ಮುಟ್ಟಿದ ಗೂಟಗಳು ಅಲ್ಲಾಡದೆ ನಿಂತವು, ಮುಟ್ಟದವು ಹೊರೆ ಬಿದ್ದೊಡನೆ ಇಳಿದವು, ಸುತ್ತಲಿನ ಪೀಟ್ ಕುಗ್ಗಿದಂತೆ ಗೂಟದ ತಲೆಗಳು ಹುಲ್ಲಿನಿಂದ ಮೇಲೆದ್ದು ಕಾಣತೊಡಗಿದವು. ಮೂರನೆಯದಾಗಿ ಕೊಯ್ದ ಹಲಗೆಗಳ ತೆಪ್ಪ ಮಾಡಿದೆ. ನಯವಾದ ಹಲಗೆ ಹಲಗೆಯ ಮೇಲೆ ಜಾರಿತು, ನಡುವೆ ಭಾರ ಕೂತಾಗ ಅಂಚುಗಳು ಮೇಲಕ್ಕೆ ಮಡಚಿಕೊಂಡವು. ಹಲಗೆಗೆ ಕೊಟ್ಟ ಆರುನೂರು ಪೌಂಡು ಹೋಯಿತು. ಆದರೆ ನೆಲ ಎಲ್ಲೂ ಸೀಳಲಿಲ್ಲ, ಬರಿದೆ ತಗ್ಗಿತು ಎಂಬುದನ್ನು ನಾನು ಗಮನಿಸಿದ್ದೆ. ಎಂಜಿನಿಯರ್ ಹೆದರಿದ್ದು ನೆಲ ಸೀಳುವುದಕ್ಕೆ. ನನಗೆ ಎದುರಾದದ್ದು ತಗ್ಗುವುದು ಮಾತ್ರ, ಅದಕ್ಕೆ ಮದ್ದು ಬೇರೆ.

ವಿಧಾನ ನಾನು ಹುಟ್ಟಿಸಿದ್ದಲ್ಲ. ಮ್ಯಾಂಚೆಸ್ಟರಿನ ಪಶ್ಚಿಮಕ್ಕಿರುವ ಚಾಟ್ ಮಾಸ್ ಜೌಗಿನ ಮೇಲೆ ಜಾರ್ಜ್ ಸ್ಟೀಫನ್ಸನ್ ರೈಲುಹಾದಿ ಹಾಕಲು ಹೊರಟಾಗ, ಪಾರ್ಲಿಮೆಂಟಿನ ಸಮಿತಿಯ ಮುಂದೆ ಫ್ರಾನ್ಸಿಸ್ ಜೈಲ್ಸ್ ಎಂಬ ಎಂಜಿನಿಯರ್ ಅದು ಬುದ್ಧಿಯಿದ್ದವರ ಕೆಲಸವಲ್ಲ ಎಂಬ ಅರ್ಥದಲ್ಲಿ ಸಾಕ್ಷಿ ನುಡಿದಿದ್ದರು. ಸ್ಟೀಫನ್ಸನ್ ಹೆದರ್ ಸೇರಿಸಿ ಹೆಣೆದ ತಡಿಕೆಗಳನ್ನು ಹಾಸಿ ಹಾದಿಯನ್ನು ಜೌಗಿನ ಮೇಲೆ ತೇಲಿಬಿಟ್ಟರು. 1830ರಲ್ಲಿ ಲಿವರ್‌ಪೂಲ್‌–ಮ್ಯಾಂಚೆಸ್ಟರ್ ಮಾರ್ಗ ತೆರೆಯಿತು, ಇಂದಿಗೂ ಅದೇ ಜೌಗಿನ ಮೇಲೆ ರೈಲು ಓಡುತ್ತಿದೆ. ಮರ ಕೊಳೆಯುತ್ತದೆಯಲ್ಲ ಎಂದವರಿಗೆ ಸಾಮರ್ಸೆಟ್ಟಿನ ಸ್ವೀಟ್ ಟ್ರ್ಯಾಕ್ ತೋರಿಸಿದೆ. 1970ರಲ್ಲಿ ಪೀಟ್ ಅಗೆಯುವಾಗ ಸಿಕ್ಕ ಆ ಮರದ ಕಾಲುಹಾದಿಗೆ ಬಳಸಿದ ಮರಗಳನ್ನು ಕಡಿದದ್ದು ಕ್ರಿ.ಪೂ. 3807ರಿಂದ 3806ರ ನಡುವೆ ಎಂದು ಮರದೊಳಗಿನ ವಾರ್ಷಿಕ ಬಳೆಗಳಿಂದ ಲೆಕ್ಕ ಹಾಕಿದ್ದಾರೆ. ಗಾಳಿಯಾಡದ ಹುಳಿನೀರಿನಲ್ಲಿ ಮುಳುಗಿದ್ದ ಹಲಗೆ ಐದೂಮುಕ್ಕಾಲು ಸಾವಿರ ವರ್ಷ ಉಳಿದಿದ್ದರೆ, ನನ್ನ ತೆಪ್ಪಕ್ಕೆ ಬೇಕಾದದ್ದು ಒಂದೇ: ಬೇಸಿಗೆಯಲ್ಲೂ ನೀರಿನ ಮಟ್ಟಕ್ಕಿಂತ ಕೆಳಗೆ ಇರುವುದು. ಈ ಎರಡು ಉದಾಹರಣೆಗಳನ್ನು ಪತ್ರಕ್ಕೆ ಲಗತ್ತಿಸಿದ ಮೇಲೆ ಎಂಜಿನಿಯರ್ ಒಪ್ಪಲಿಲ್ಲ, ಆದರೆ ಅಡ್ಡ ಬರುವುದನ್ನು ಬಿಟ್ಟರು.

ತೆಪ್ಪದ ವ್ಯಾಸ ನಾಲ್ಕೂವರೆ ಮೀಟರ್. ಹುಲ್ಲುಹೆಪ್ಪೆಗಳನ್ನು ಬೇರು ಸಮೇತ ಎತ್ತಿ ಪಕ್ಕಕ್ಕಿಟ್ಟು, ತಳದಲ್ಲಿ ಹೆದರ್ ಹೊರೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಸಿದೆ. ಅದರ ಮೇಲೆ ಹೇಝಲ್ ಕಡ್ಡಿಯ ತಡಿಕೆ ಎರಡು ಪದರ, ಅದರ ಮೇಲೆ ತೊಗಟೆ ತೆಗೆಯದ ಆಲ್ಡರ್ ದಿಮ್ಮಿ ಎರಡು ಪದರ. ತೊಗಟೆಯಿದ್ದರೆ ದಿಮ್ಮಿ ಜಾರುವುದಿಲ್ಲ. ಮೊಳೆ, ತಂತಿ ಯಾವುದನ್ನೂ ಬಳಸಿಲ್ಲ. ಅಂಚಿನ ದಿಮ್ಮಿಗಳು ಮೇಲಕ್ಕೆ ಮಡಚದಂತೆ ಹೇಗೆ ಬಿಗಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಬೇಸಿಗೆ ಹಿಡಿದಿದೆ, ಮುಂದಿನ ಕೆಲವು ಕೆಲಸಗಳಲ್ಲಿ ಅದು ನನ್ನ ಹೊಟ್ಟೆಪಾಡಿಗೂ ಬೇಕು.

ಇನ್ನು ಇಡೀ ವಿಧಾನದ ಜೀವ ಇರುವ ಜಾಗ. ತೆಪ್ಪ ಮುಗಿದ ಮೇಲೆ ನಾನು ಶಿಲ್ಪ ಕಟ್ಟಲಿಲ್ಲ. ಕಟ್ಟಬೇಕಾದ ಏಳು ಟನ್ನಿಗೆ ಇನ್ನೆರಡು ಟನ್ ಸೇರಿಸಿ, ಅಷ್ಟೂ ಕಲ್ಲನ್ನು ತೆಪ್ಪದ ನಡುವೆ ಸುಮ್ಮನೆ ರಾಶಿ ಹಾಕಿ, ಅಕ್ಟೋಬರಿನಲ್ಲಿ ಮನೆಗೆ ಬಂದೆ. ಮೊದಲ ತಿಂಗಳಲ್ಲೇ ತೆಪ್ಪ ಒಂದು ಗೇಣು ಇಳಿಯಿತು. ಆಮೇಲೆ ಇಳಿತ ನಿಧಾನವಾಯಿತು. ವಸಂತದ ಹೊತ್ತಿಗೆ ಇನ್ನರ್ಧ ಗೇಣು ಇಳಿದು ನಿಂತಿತು. ಪೀಟ್ ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುವ ಕೆಲಸವನ್ನು ಶಿಲ್ಪ ಹುಟ್ಟುವ ಮೊದಲೇ ಮುಗಿಸಿಬಿಡಬೇಕು, ಅದೂ ಶಿಲ್ಪದ ತೂಕಕ್ಕಿಂತ ಹೆಚ್ಚಿನ ತೂಕದ ಅಡಿಯಲ್ಲಿ. ರಾಶಿ ಕುಸಿದರೆ ನಷ್ಟವಿಲ್ಲ, ಶಿಲ್ಪ ಕುಸಿದರೆ ಮಾನವೂ ಹೋಗುತ್ತದೆ, ಹಣವೂ ಹೋಗುತ್ತದೆ. ಆ ಚಳಿಗಾಲದಲ್ಲಿ ಬೆಟ್ಟಕ್ಕೆ ನಡೆಯಲು ಬಂದವರು ಕಲ್ಲಿನ ರಾಶಿಯನ್ನೇ ಶಿಲ್ಪವೆಂದು ತಿಳಿದು ಕೆಲಸ ಕೊಟ್ಟವರಿಗೆ ದೂರು ಬರೆದರಂತೆ. ಒಬ್ಬರು ಮೆಚ್ಚಿಯೂ ಬರೆದಿದ್ದರು.

ಇಳಿತವನ್ನು ಅಳೆಯಲು ನಾನು ಬಳಸಿದ್ದು ನಮ್ಮ ಗಾರೆ ಕೆಲಸದವರ ಟ್ಯೂಬ್ ಲೆವೆಲ್. ಲೇಸರ್ ಉಪಕರಣ ಹೊತ್ತು ತಂದಿದ್ದ ಹುಡುಗ ಮಂಜು ಮುಸುಕಿದ ದಿನ ಏನನ್ನೂ ಕಾಣದೆ ಕೈಕಟ್ಟಿ ನಿಂತಾಗ, ಪಾರದರ್ಶಕ ನಳಿಗೆಯಲ್ಲಿನ ನೀರು ತನ್ನ ಕೆಲಸ ತಾನು ಮಾಡಿತು. ಇಲ್ಲಿನ ಚಳಿಗೆ ನೀರು ಹೆಪ್ಪುಗಟ್ಟುತ್ತದೆ, ಆದ್ದರಿಂದ ಉಪ್ಪು ಬೆರೆಸಬೇಕು. ಆದರೆ ನಳಿಗೆಗೆ ತುಂಬುವ ಮೊದಲೇ ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿಕೊಳ್ಳಬೇಕು, ಇಲ್ಲವಾದರೆ ಒಂದು ತುದಿಯ ನೀರು ಇನ್ನೊಂದಕ್ಕಿಂತ ಭಾರವಾಗಿ ಮಟ್ಟ ಸುಳ್ಳು ಹೇಳುತ್ತದೆ. ಅಳತೆಯ ಆಧಾರವನ್ನು ಜೌಗಿನ ಮೇಲ್ಮೈಯಲ್ಲಿ ಇಡಲೇಬಾರದು, ಏಕೆಂದರೆ ಜೌಗು ಮಳೆಗಾಲದಲ್ಲಿ ಉಬ್ಬುತ್ತದೆ, ಒಣಗಾಲದಲ್ಲಿ ತಗ್ಗುತ್ತದೆ. ನಾನು ಕೆಳಗಿನ ಜೇಡಿಯವರೆಗೆ ಕಬ್ಬಿಣದ ಸರಳೊಂದನ್ನು ಇಳಿಸಿ ಅದನ್ನೇ ಆಧಾರ ಮಾಡಿಕೊಂಡೆ.

ಕಟ್ಟುವಾಗ ರಾಶಿಯನ್ನು ತೆಪ್ಪದಿಂದ ಇಳಿಸಲಿಲ್ಲ. ಸುತ್ತಲೂ ಅಂಚಿಗೆ ಸರಿಸಿ, ಅಲ್ಲಿಂದ ಒಂದೊಂದೇ ಕಲ್ಲನ್ನು ನಡುವಿಗೆ ತಂದು ಇಟ್ಟೆ. ಹೀಗಾಗಿ ತೆಪ್ಪದ ಮೇಲಿನ ಒಟ್ಟು ಭಾರ ಎಂದೂ ಕಡಿಮೆಯಾಗಲಿಲ್ಲ, ನೆಲ ಮತ್ತೆ ಉಬ್ಬಲು ಅವಕಾಶ ಸಿಗಲಿಲ್ಲ. ಉತ್ತರಕ್ಕೆ ತುಸು ವಾಲುತ್ತಿದೆ ಎಂದು ತೂಗುಗುಂಡು ತೋರಿಸಿದಾಗ, ದಕ್ಷಿಣದ ಅಂಚಿನ ಕಲ್ಲುಗಳನ್ನು ಎರಡು ವಾರ ಮುಟ್ಟದೆ ಬಿಟ್ಟೆ, ವಾಲು ತಾನಾಗಿ ಸರಿಹೋಯಿತು. ಮೊಗ್ಗಿನಾಕಾರದಲ್ಲಿ ಹೊಟ್ಟೆ ಹೊರಕ್ಕೆ ಉಬ್ಬುವ ಭಾಗವೇ ಅಪಾಯದ್ದು. ಅಲ್ಲಿ ಪ್ರತಿ ಕಲ್ಲಿನ ಬಾಲ ಒಳಕ್ಕೆ ಉದ್ದವಾಗಿರಬೇಕು, ಒಳತುಂಬುವ ಚಕ್ಕೆಗಳನ್ನು ಸುರಿಯದೆ ಕೈಯಲ್ಲೇ ಒಂದೊಂದಾಗಿ ಬಿಗಿಯಬೇಕು. ಸಲಿಕೆಯಲ್ಲಿ ಚಕ್ಕೆ ಸುರಿಯುವ ಸಹಾಯಕನನ್ನು ಆ ದಿನವೇ ಬೇರೆ ಕೆಲಸಕ್ಕೆ ಹಾಕಿ. ಒಂದು ಸಂಜೆ ಹೊಟ್ಟೆಯ ಮೇಲಿನ ಮೂರ್ನಾಲ್ಕು ವರಸೆ ಬಿದ್ದುಹೋಯಿತು. ಅದು ತೆಪ್ಪದ ದೋಷವಲ್ಲ, ಮಂಜು ಹೆಪ್ಪುಗಟ್ಟಿದ್ದ ಕಲ್ಲಿನ ಮೇಲೆ ಕಲ್ಲಿಟ್ಟದ್ದರ ಫಲ. ಅಂದು ಕೂಲಿಗೆ ಕೊಟ್ಟ ನಾನೂರು ಪೌಂಡನ್ನು ಬರೆದು ಹೊಡೆದುಹಾಕಿದೆ.

ಕಾಯುವ ಚಳಿಗಾಲದಲ್ಲಿ ಕೈ ಸುಮ್ಮನಿರದೆ ಎರಡು ಬದಿಪ್ರಯೋಗ ಮಾಡಿದೆ. ಜೌಗಿನ ಕಾಲುದಾರಿಗಳ ಕೆಳಗೆ ಕುರಿಯ ಉಣ್ಣೆ ಹಾಸುವ ಹಳೆಯ ಪದ್ಧತಿ ಈ ಕಡೆ ಇದೆ, ಉಣ್ಣೆಗೆ ಆಗ ಕತ್ತರಿಸುವ ಕೂಲಿಯಷ್ಟೂ ಬೆಲೆಯಿರಲಿಲ್ಲವಾದ್ದರಿಂದ ರೈತರೊಬ್ಬರು ಮೂಟೆಗಟ್ಟಲೆ ಕೊಟ್ಟರು. ಮನುಷ್ಯರ ನಡಿಗೆಗೆ ಅದು ಸೊಗಸಾಗಿ ಒಗ್ಗುತ್ತದೆ, ಒಂದು ಟನ್ ಕಲ್ಲಿಗೆ ಒಗ್ಗುವುದಿಲ್ಲ. ಹಾಸಿಗೆಯಂತೆ ಒಂದೇ ಕಡೆ ಕುಳಿಬಿತ್ತು. ಗೋಲ್ಡ್ಸ್‌ವರ್ದಿ ಮಾಡುವಂತೆ ಇಳಿಬಿದ್ದ ಮಂಜುಗಡ್ಡೆಯ ಕಡ್ಡಿಗಳನ್ನು ಒದ್ದೆ ಮಾಡಿ ಕಲ್ಲಿಗೆ ಅಂಟಿಸಲೂ ಪ್ರಯತ್ನಿಸಿದೆ. ಕೈಗವಸು ತೊಟ್ಟರೆ ಅಂಟುವ ಕ್ಷಣ ಬೆರಳಿಗೆ ತಿಳಿಯುವುದಿಲ್ಲ, ತೊಡದಿದ್ದರೆ ಹತ್ತು ನಿಮಿಷದಲ್ಲಿ ಬೆರಳೇ ಇಲ್ಲದಂತಾಗುತ್ತದೆ. ಆ ಮಹಾನುಭಾವರಿಗೆ ದೂರದಿಂದಲೇ ಕೈಮುಗಿದೆ.

ತೆಪ್ಪಕ್ಕೆ ಕೂಲಿ ಸೇರಿ ಎರಡೂವರೆ ಸಾವಿರ ಪೌಂಡಿನೊಳಗೆ ಮುಗಿಯಿತು. ಕಲ್ಲು ಸಾಗಿಸಿದ ಅಗಲಪಟ್ಟಿಯ ಪುಟ್ಟ ಡಂಪರಿನ ಬಾಡಿಗೆ ಇನ್ನೊಂದು ಸಾವಿರದಷ್ಟು. ವಿಮೆ, ಸಹಾಯಕರ ಕೂಲಿ, ಓಡಾಟ ಎಲ್ಲ ಕಳೆದು ನನಗೆ ಆರು ಸಾವಿರ ಉಳಿದಿರಬೇಕು. ಆದರೆ ನಿಜವಾದ ಕಷ್ಟ ಖರ್ಚಿನದಲ್ಲ, ಕಂತಿನದು. ಇಲ್ಲಿನ ಕರಾರುಗಳಲ್ಲಿ ಸಹಿಗೆ ಒಂದು ಕಂತು, ಅರ್ಧ ಕೆಲಸಕ್ಕೆ ಒಂದು, ಮುಗಿದಾಗ ಒಂದು. ಕಲ್ಲಿನ ರಾಶಿ ಅರ್ಧ ಕೆಲಸವೆಂದು ಒಪ್ಪಲು ಯಾವ ಲೆಕ್ಕಿಗನೂ ತಯಾರಿರಲಿಲ್ಲ, ಆದ್ದರಿಂದ ಆ ಚಳಿಗಾಲವನ್ನು ಹಳೆಯ ಗೋಡೆಗಳ ಕೂಲಿಯಲ್ಲೇ ದಾಟಿದೆ. ಶಿಲ್ಪಿ ಡೇವಿಡ್ ನ್ಯಾಶ್ 1977ರಲ್ಲಿ ಉತ್ತರ ವೇಲ್ಸಿನಲ್ಲಿ ಇಪ್ಪತ್ತೆರಡು ಆ್ಯಶ್ ಸಸಿಗಳನ್ನು ವೃತ್ತಾಕಾರದಲ್ಲಿ ನೆಟ್ಟು, ದಶಕಗಳ ಕಾಲ ಬಾಗಿಸಿ ಸವರಿ ಗುಮ್ಮಟ ಮಾಡಿದ್ದು ತಮ್ಮದೇ ನೆಲದಲ್ಲಿ. ಕಾಯಲು ಅವರು ಯಾರ ಅನುಮತಿಯನ್ನೂ ಕೇಳಬೇಕಿರಲಿಲ್ಲ. ನನ್ನಂಥವನಿಗೆ ಕಾಯುವುದನ್ನೂ ಕರಾರಿನಲ್ಲಿ ಬರೆಸಬೇಕು. ಈಗ ನನ್ನ ಕರಾರಿನಲ್ಲಿ ನಾಲ್ಕು ಕಂತುಗಳಿವೆ, ಎರಡನೆಯದು ಹೊರೆ ಹೇರಿ ಮೊದಲ ಅಳತೆ ಒಪ್ಪಿಸಿದ ದಿನ ಬರಬೇಕು. ಇಳಿತ ನಿಂತಿದೆಯೇ ಎಂದು ತೀರ್ಮಾನಿಸುವವನು ನಾನೇ, ಉದ್ಘಾಟನೆಯ ತಾರೀಖಲ್ಲ.

ಖಾತರಿಗೆಂದು ತಡೆಹಿಡಿದಿದ್ದ ಶೇಕಡಾ ಐದು, ಎರಡನೆಯ ವರ್ಷದ ಅಳತೆಯ ಪಟ್ಟಿ ಕೊಟ್ಟ ಮೇಲೆ ಬಂತು. ಕಟ್ಟಿದ ಮೇಲಿನ ಇಳಿತ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚಿಲ್ಲ, ವಾಲು ತೂಗುಗುಂಡಿಗೆ ಸಿಗುವಷ್ಟೂ ಇಲ್ಲ. ಲ್ಯಾಂಕಷೈರಿನ ಇನ್ನೊಂದು ಜೌಗಿನಲ್ಲಿ ಇದರ ಎರಡರಷ್ಟು ತೂಕದ ಕೆಲಸಕ್ಕೆ ಕರೆ ಬಂದಿದೆ. ಅಲ್ಲಿ ಪೀಟ್ ಇನ್ನೂ ಆಳ. ತೆಪ್ಪವನ್ನು ಏಳು ಮೀಟರಿಗೆ ಹಿಗ್ಗಿಸಬೇಕಾದೀತು, ಹೊರೆಯನ್ನು ಎರಡು ಚಳಿಗಾಲ ಬಿಡಬೇಕಾದೀತು ಎಂದು ಬರೆದು ಕಳಿಸಿದ್ದೇನೆ. ಒಪ್ಪಿದರೆ ಅಕ್ಟೋಬರಿನಲ್ಲಿ ಕಲ್ಲು ಇಳಿಸುತ್ತೇನೆ.